ಎದುರಾಳಿಯ ರಕ್ಷಣೆಯನ್ನು ಅಳೆಯುವುದು ಹೇಗೆ?



ಸುತ್ತೂರು ಜಾತ್ರೆಯ ಕುಸ್ತಿಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅಲ್ಲಿ ಒಬ್ಬನಿಗೆ ಒಬ್ಬ. ಯಾರ ಪಟ್ಟು ಬಿಗಿ ಎಂಬುದು ಕಣ್ಣಿಗೇ ತಿಳಿಯುತ್ತದೆ. ಕಬಡ್ಡಿಯಲ್ಲಿ ಹಾಗಲ್ಲ. ದಾಳಿಗೆ ಬರುವವನು ಒಬ್ಬ, ಹಿಡಿಯಲು ನಿಂತವರು ಏಳು ಮಂದಿ. ಲೀಗ್ ಅರ್ಧ ಮುಗಿಯುವ ಹೊತ್ತಿಗೆ ‘ಯಾವ ತಂಡದ ರಕ್ಷಣೆ ಗಟ್ಟಿ?’ ಎಂದು ಹಾಸ್ಟೆಲುಗಳಲ್ಲಿ ವಾದ ಏಳುತ್ತದೆ. ಎಲ್ಲರೂ ಟ್ಯಾಕಲ್ ಅಂಕಗಳ ಪಟ್ಟಿಯನ್ನೇ ಮುಂದಿಡುತ್ತಾರೆ. ಆ ಪಟ್ಟಿಯನ್ನು ಎಷ್ಟು ನಂಬಬಹುದು?

2018ರಲ್ಲಿ ಆರಂಭವಾದ ಪ್ರೊ ಕಬಡ್ಡಿಯ ಆರನೆಯ ಆವೃತ್ತಿಯನ್ನೇ ತೆಗೆದುಕೊಳ್ಳೋಣ. ಹನ್ನೆರಡು ತಂಡಗಳು, ಎರಡು ವಲಯಗಳು. ನಮ್ಮ ಬೆಂಗಳೂರು ಬುಲ್ಸ್ ಇದ್ದ ‘ಬಿ’ ವಲಯದಲ್ಲಿ ಬೆಂಗಾಲ್ ವಾರಿಯರ್ಸ್, ಯು.ಪಿ. ಯೋಧಾ, ಪಟ್ನಾ ಪೈರೇಟ್ಸ್, ತೆಲುಗು ಟೈಟನ್ಸ್, ತಮಿಳ್ ತಲೈವಾಸ್ ಇದ್ದವು. ಮೊದಲ ಮೂರು ಸ್ಥಾನದವರಿಗೆ ಮಾತ್ರ ಮುಂದಿನ ಹಂತ.

ಯು.ಪಿ. ಯೋಧಾದ ಬಲಮೂಲೆಯ ಆಟಗಾರ ನಿತೇಶ್ ಕುಮಾರ್ ಆ ಬಾರಿ 25 ಪಂದ್ಯಗಳಲ್ಲಿ 100 ಟ್ಯಾಕಲ್ ಅಂಕ ಗಳಿಸಿದರು. ಒಂದೇ ಆವೃತ್ತಿಯಲ್ಲಿ ನೂರು ಮುಟ್ಟಿದ ಮೊದಲ ಡಿಫೆಂಡರ್ ಅವರೇ. ಪಂದ್ಯಕ್ಕೆ ಸರಾಸರಿ ನಾಲ್ಕು. ಈ ಭಾಗಾಕಾರ ಮುಖ್ಯ. ಲೀಗಿನ ನಡುವೆ ಒಂದು ತಂಡ ಹನ್ನೆರಡು ಪಂದ್ಯ ಆಡಿದ್ದರೆ ಇನ್ನೊಂದು ಒಂಬತ್ತೇ ಆಡಿರಬಹುದು. ಬರೀ ಮೊತ್ತವನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಸೂಕ್ಷ್ಮ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಇದ್ದಾಗ ರೈಡರನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಅಂಕ. ಹಾಗಾದರೆ ಸೂಪರ್ ಟ್ಯಾಕಲ್ ಹೆಚ್ಚಿರುವ ತಂಡ ಗಟ್ಟಿಯೇ? ಅದು ಪದೇ ಪದೇ ಮೂವರಿಗೆ ಇಳಿದಿದೆ ಎಂದೂ ಅರ್ಥವಲ್ಲವೇ! ನನ್ನ ಮಟ್ಟಿಗೆ ಇದು ಜ್ವರದ ಕಾವಿದ್ದಂತೆ: ದೇಹ ಹೋರಾಡುತ್ತಿದೆ ನಿಜ, ಆದರೆ ಕಾಯಿಲೆಯೂ ಇದೆ.

ಪಟ್ಟಿಗೆ ಸೇರದ ಕೆಲಸವೂ ಇದೆ. ರೈಡರ್ ಬಂದು 30 ಸೆಕೆಂಡಿನೊಳಗೆ ಬರಿಗೈಯಲ್ಲಿ ಹಿಂದಿರುಗಿದರೆ ಡಿಫೆಂಡರಿಗೆ ಅಂಕವಿಲ್ಲ. ಆದರೆ ಹೀಗೆ ಸತತ ಎರಡು ದಾಳಿ ವ್ಯರ್ಥವಾದರೆ ಮೂರನೆಯದು ‘ಮಾಡು ಇಲ್ಲವೇ ಮಡಿ’. ಆಗ ಅಂಕ ತರದ ರೈಡರ್ ಔಟ್. ಹಾರಿ ಬಿದ್ದು ಹಿಡಿಯದೆ, ಸಾಲು ಕೆಡದಂತೆ ನಿಂತು ಈ ಸ್ಥಿತಿ ತರುವ ತಂಡವೇ ನನಗೆ ನಿಜವಾದ ಗಟ್ಟಿ ತಂಡ. ದೂರದರ್ಶನದ ಕ್ಯಾಮೆರಾ ರೈಡರನ ಬೆನ್ನು ಹತ್ತುವುದು ಸಹಜ; ಡಿಫೆಂಡರುಗಳ ಪಾದಗಳತ್ತ ನೋಡುವುದು ನಿಮ್ಮ ಕೆಲಸ.

ದಾಳಿಯೊಂದೇ ಸಾಲದು ಎನ್ನುವುದಕ್ಕೆ ಪಟ್ನಾ ಸಾಕ್ಷಿ. ಅದು ಅದಕ್ಕೆ ಹಿಂದಿನ ಮೂರೂ ಆವೃತ್ತಿಗಳ ಚಾಂಪಿಯನ್. ಪ್ರದೀಪ್ ನರ್ವಾಲ್ ಆ ಬಾರಿಯೂ 233 ರೈಡ್ ಅಂಕ ತಂದರು. ಆದರೂ ತಂಡ ನಾಲ್ಕನೆಯ ಸ್ಥಾನದಲ್ಲಿ ನಿಂತುಹೋಯಿತು. ಬುಲ್ಸ್ ವಲಯದಲ್ಲಿ ಮೊದಲಾಗಿ, 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತನ್ನು 38–33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರದೇ 22 ಅಂಕ. ರೈಡರ್ ಎದುರಾಳಿಯೊಬ್ಬನನ್ನು ಮುಟ್ಟಿ ಬಂದರೆ ಹೊರಗಿದ್ದ ತನ್ನವನೊಬ್ಬ ಒಳಬರುತ್ತಾನೆ. ಅಂದರೆ ಬುಲ್ಸ್ ರಕ್ಷಣೆಯನ್ನು ತುಂಬಿಸಿಟ್ಟದ್ದರಲ್ಲಿ ಪವನ್ ಪಾಲೂ ಇತ್ತು.

ತಾಲ್ಲೂಕು ಪಂದ್ಯಕ್ಕೆ ಮುನ್ನ ಎದುರಾಳಿ ಶಾಲೆಯ ಆಟ ನೋಡಲು ಹೋದಾಗ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಿರಿ. ದಾಳಿಯ ಹೊತ್ತಿಗೆ ಒಳಗೆ ಎಷ್ಟು ಮಂದಿ? ಹಿಡಿದರೇ, ಕೈತಪ್ಪಿತೇ, ಬರಿಗೈಯಲ್ಲಿ ಕಳುಹಿಸಿದರೇ? ದಾಳಿಗೆ ಬಂದವನು ಒಳ್ಳೆಯ ರೈಡರನೇ? ಬೋನಸ್ ಅಂಕವನ್ನು ಬೇರೆಯಾಗಿಯೇ ಬರೆಯಿರಿ. ಅದರಿಂದ ಹೊರಗಿದ್ದವರು ಯಾರೂ ಒಳಬರುವುದಿಲ್ಲ.