ಪುಟದ ಕ್ಯೂಶೀಟು

ಈ ಮಾತು ನಿಮ್ಮ ಕಿವಿಗೆ ಬೀಳುವ ಮುಂಚೆ ಒಂದು ಕಾಗದ ತುಂಬುವ ಕೆಲಸ ಆಗಿಹೋಗಿದೆ. ಧ್ವನಿಮುದ್ರಣ ಮುಗಿದ ಮೇಲೆ ಬಾನುಲಿಯಲ್ಲಿ ಅದಕ್ಕೊಂದು ಕ್ಯೂಶೀಟು ಬರೆಯುತ್ತಾರೆ. ಭಾಷಣದ ಹೆಸರೇನು, ಮಾತಾಡಿದವರು ಯಾರು, ಎಷ್ಟು ನಿಮಿಷ, ಎಷ್ಟು ಸೆಕೆಂಡು, ಮೊದಲ ಮಾತು ಯಾವುದು, ಕೊನೆಯ ಮಾತು ಯಾವುದು, ಎಲ್ಲ ಅದರಲ್ಲಿರುತ್ತದೆ. ಪ್ರಸಾರ ಮಾಡುವವರಿಗೆ ಅದಿಲ್ಲದೆ ಕೈ ಆಡುವುದಿಲ್ಲ. ನಿಮಗೆ ಮಾತ್ರ ಅದು ಯಾವತ್ತೂ ಕೇಳಿಸುವುದಿಲ್ಲ, ಕೇಳಿಸಲೂಬಾರದು.

ಜಾಲತಾಣದ ಪುಟಗಳಿಗೂ ಇಂಥದೇ ಒಂದು ಕ್ಯೂಶೀಟು ಉಂಟು. ಮೆಟಾ ಟ್ಯಾಗ್ ಅಂತ ಅದಕ್ಕೆ ಹೆಸರು. ಪುಟಗಳನ್ನು ಬರೆಯುವ ಭಾಷೆ ಎಚ್‌ಟಿಎಂಎಲ್. ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದಾಗ ರೂಪಿಸಿದ್ದು. 1995ರ ನವೆಂಬರಿನಲ್ಲಿ ಅದರ ಎರಡನೆಯ ಆವೃತ್ತಿಯ ನಿಯಮಗಳು ಪ್ರಕಟವಾದಾಗ ಮೆಟಾ ಟ್ಯಾಗಿಗೂ ಅದರಲ್ಲಿ ಜಾಗವಿತ್ತು. ಈ ಭಾಷೆಯಲ್ಲಿ ಪ್ರತಿ ಪುಟಕ್ಕೂ ಒಂದು ತಲೆ, ಒಂದು ಮೈ. ಹೆಡ್, ಬಾಡಿ ಅಂತಲೇ ಕರೆಯುತ್ತಾರೆ. ನಾವು ಓದುವುದು, ನೋಡುವುದು ಎಲ್ಲ ಮೈ. ತಲೆಯೊಳಗೆ ಏನಿದೆ ಅನ್ನುವುದು, ಮನುಷ್ಯರ ವಿಷಯದಲ್ಲಿ ಹೇಗೋ ಹಾಗೆ, ಹೊರಗೆ ಕಾಣುವುದಿಲ್ಲ. ಮೆಟಾ ಟ್ಯಾಗುಗಳ ವಾಸ ಅಲ್ಲಿ. ಬ್ರೌಸರಿಗೆ, ಗೂಗಲ್‌ನಂಥ ಹುಡುಕುಯಂತ್ರಕ್ಕೆ, ನಿಮ್ಮ ವಾಟ್ಸಾಪಿಗೆ ಪುಟ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತುಗಳು ಅವು.

ಟ್ಯಾಗನ್ನು ಇದ್ದ ಹಾಗೆ ಓದಿ ಹೇಳುತ್ತಾ ಹೋದರೆ ನೀವು ರೇಡಿಯೋ ಆರಿಸಿಬಿಡುತ್ತೀರಿ. ಕಂಪ್ಯೂಟರ್ ಇದ್ದವರು ಯಾವುದಾದರೂ ಪುಟ ತೆರೆದು ಕಂಟ್ರೋಲ್ ಒತ್ತಿ ಹಿಡಿದು ಯು ಒತ್ತಿ. ತಲೆಯೂ ಮೈಯೂ ಬರೀ ಅಕ್ಷರವಾಗಿ ತೆರೆದುಕೊಳ್ಳುತ್ತವೆ. ಮೇಲಿನ ಹತ್ತಿಪ್ಪತ್ತು ಸಾಲಿನಲ್ಲಿ ಮೆಟಾ ಅನ್ನುವ ನಾಲ್ಕಕ್ಷರದ ಇಂಗ್ಲಿಷ್ ಪದ ಸಾಮಾನ್ಯವಾಗಿ ನಾಲ್ಕೈದು ಕಡೆ ಸಿಗುತ್ತದೆ.

ಅದರಲ್ಲಿ ಕನ್ನಡದವರು ಮೊದಲು ಹುಡುಕಬೇಕಾದದ್ದು ಲಿಪಿಯ ಟ್ಯಾಗು. ಚಾರ್‌ಸೆಟ್ ಅನ್ನುತ್ತಾರೆ. ಇಂಗ್ಲಿಷಿನವರು ಅದನ್ನು ಮರೆತರೂ ಅವರ ಪುಟ ಹೆಚ್ಚುಕಡಿಮೆ ನಡೆದುಹೋಗುತ್ತದೆ. ನಾವು ಮರೆತರೆ ಮುಗಿಯಿತು.

‘ಕ’ ಅಕ್ಷರವನ್ನೇ ತೆಗೆದುಕೊಳ್ಳಿ. ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಕೂಡಿಸಲು ಹೊರಟ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಮೀಸಲು. ಆ ಮನೆ ನಂಬರುಗಳನ್ನು ಕಡತದಲ್ಲಿ ಬರೆದಿಡುವ ಒಂದು ಕ್ರಮ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂಜೆರ್ಸಿಯ ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿ ಹುಟ್ಟಿಸಿದ್ದು. ಅದರ ಲೆಕ್ಕದಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಮೂರು ಅಂಕಿ. ‘ಕ’ ಅಂದರೆ 224, 178, 149. ಮೂರನ್ನೂ ಒಟ್ಟಿಗೆ ಓದಿದರೆ ಕ.

ಬಿಡಿಬಿಡಿಯಾಗಿ ಓದಿದರೆ? ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ವಿಂಡೋಸ್ ಇಟ್ಟುಕೊಂಡಿರುವ ಹಳೆಯ ಪಟ್ಟಿಯಲ್ಲಿ 224 ಅಂದರೆ ನೆತ್ತಿಯ ಮೇಲೆ ಓರೆ ಗೀಟಿರುವ ಚಿಕ್ಕ ಎ. 178 ಅಂದರೆ ಗಣಿತದ ಪುಸ್ತಕದಲ್ಲಿ ವರ್ಗ ತೋರಿಸಲು ಹಾಕುತ್ತಾರಲ್ಲ, ಆ ಪುಟ್ಟ ಎರಡು. 149 ಅಂದರೆ ಒಂದು ದಪ್ಪ ಚುಕ್ಕೆ. ಗೀಟಿನ ಎ, ಪುಟ್ಟ ಎರಡು, ಚುಕ್ಕೆ. ಕೊಂಬು, ಏತ್ವ, ಒತ್ತಕ್ಷರ ಬಂದ ಕಡೆ ಪುಟ್ಟ ಎರಡು ಹೋಗಿ ಪುಟ್ಟ ಮೂರು. ಹೀಗೆ ಪುಟದ ತುಂಬ ಎ ಎರಡು, ಎ ಮೂರು ಅನ್ನುವ ಇರುವೆ ಸಾಲು ಕಂಡು, ‘ಅಯ್ಯೋ, ವೈರಸ್ ಬಂದಿದೆ’ ಎಂದು ಮುಚ್ಚಿದವರು ನಿಮ್ಮಲ್ಲೂ ಇರಬಹುದು. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಬರೆದದ್ದು ಕೆಟ್ಟಿಲ್ಲ, ಓದುವವನ ಕೈಗೆ ಬೇರೆ ಪಟ್ಟಿ ಕೊಟ್ಟಿದ್ದಾರೆ, ಅಷ್ಟೆ. ‘ನಾನು ಯುಟಿಎಫ್-8, ಹಾಗೆಯೇ ಓದು’ ಎಂದು ತಲೆಯಲ್ಲಿ ಒಂದು ಸಾಲು ಬರೆದರೆ ಅದೇ ಕಡತ ಚೊಕ್ಕ ಕನ್ನಡವಾಗಿ ಕೂರುತ್ತದೆ.

ಇಲ್ಲೊಂದು ತಮಾಷೆ ಇದೆ. ಯಾವ ಪಟ್ಟಿ ಹಿಡಿದು ಓದಬೇಕು ಅನ್ನುವುದನ್ನು ಪುಟದೊಳಗೇ ಬರೆದಿದ್ದರೆ, ಅದನ್ನಾದರೂ ಯಾವ ಪಟ್ಟಿ ಹಿಡಿದು ಓದುವುದು? ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಇಟ್ಟ ಹಾಗಾಯಿತಲ್ಲ. ಹಾಗಾಗದಿರಲು ಕಾರಣ, ಟ್ಯಾಗು ಬರೀ ಇಂಗ್ಲಿಷ್ ಅಕ್ಷರದ್ದು. ಆ ಅಕ್ಷರಗಳ ನಂಬರು ಬಹುತೇಕ ಎಲ್ಲ ಪಟ್ಟಿಯಲ್ಲೂ ಒಂದೇ. ಬ್ರೌಸರು ಮೊದಲ 1024 ಬೈಟುಗಳಲ್ಲಿ, ಅಂದರೆ ಮೇಲೆ ಹೇಳಿದಂಥ 1024 ಅಂಕಿಗಳಲ್ಲಿ ಇಣುಕಿ, ಆ ಸಾಲನ್ನು ಕಂಡುಕೊಂಡು, ಆಮೇಲೆ ನೆಟ್ಟಗೆ ಕೂತು ಓದತೊಡಗುತ್ತದೆ. ಅದಕ್ಕೇ ಈ ಸಾಲು ಆ 1024 ಬೈಟಿನೊಳಗೇ ಬರಬೇಕು ಎಂದು ನಿಯಮ. ತಲೆಯಲ್ಲಿ ಬೇರೆ ಸಾಮಾನೆಲ್ಲ ತುಂಬಿ ಇದನ್ನು ಕೆಳಗೆ ತಳ್ಳಬಾರದು.

ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ಸಲ ಕನ್ನಡದಲ್ಲಿ ಪುಟ ಬರೆದಾಗ ಟ್ಯಾಗನ್ನೇನೋ ಸರಿಯಾಗಿಯೇ ಹಾಕಿದ್ದೆ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಕನ್ನಡಕ್ಕೆ ಜಾಗವಿಲ್ಲದ ಆನ್ಸಿ ಎಂಬ ಹಳೆಯ ಕ್ರಮದಲ್ಲೇ ಉಳಿಸಿಬಿಟ್ಟೆ. ಅದು ಎಚ್ಚರಿಕೆಯನ್ನೂ ಕೊಟ್ಟಿತ್ತು; ಓದುವ ತಾಳ್ಮೆ ಯಾರಿಗಿತ್ತು? ಮರುದಿನ ತೆರೆದರೆ ಎರಡು ಪುಟದ ಬರಹದ ಜಾಗದಲ್ಲಿ ಎರಡು ಪುಟದ ಪ್ರಶ್ನಾರ್ಥಕ ಚಿಹ್ನೆ. ಇರುವೆ ಸಾಲಾಗಿದ್ದರೆ ಬದುಕಿಸಬಹುದಿತ್ತು, ಅಂಕಿಗಳು ಒಳಗೆ ಹಾಗೆಯೇ ಇರುತ್ತವೆ. ಪ್ರಶ್ನಾರ್ಥಕವಾದರೆ ಅಕ್ಷರ ಹೋದದ್ದೇ. ಮೆಟಾ ಟ್ಯಾಗು ಇದ್ದುದನ್ನು ಹೇಳಬಲ್ಲದು, ಇಲ್ಲದ್ದನ್ನು ತಂದುಕೊಡಲಾರದು.

ಯೂನಿಕೋಡ್ ನಮ್ಮಲ್ಲಿ ನೆಲೆಯೂರುವ ಮುಂಚಿನ ಪಾಡು ಇನ್ನೂ ಬೇರೆ. ಕನ್ನಡ ತಾಣ ತೆರೆದರೆ ‘ಓದಲು ಈ ಅಕ್ಷರಶೈಲಿ ಇಳಿಸಿಕೊಳ್ಳಿ’ ಎಂಬ ಸೂಚನೆ. ಆಗಿನ ಫಾಂಟುಗಳಲ್ಲಿ ಕಡತದೊಳಗೆ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಗುರುತುಗಳದೇ ನಂಬರು. ಮೇಲೆ ಕನ್ನಡದ ವೇಷ. ನುಡಿ, ಬರಹ ಎಂಬ ತಂತ್ರಾಂಶಗಳಲ್ಲಿ ಹಳೆಯ ಕ್ರಮದಂತೆ ಟೈಪು ಮಾಡಿದ್ದನ್ನು ಫಾಂಟು ಬದಲಿಸಿ ನೋಡಿದವರಿಗೆ ಗೊತ್ತು. ಕಣ್ಣಿಗೆ ಕನ್ನಡ, ಹುಡುಕುಯಂತ್ರಕ್ಕೆ ಅರ್ಥವಿಲ್ಲದ ಗೀಚು. ಆ ಪುಟಗಳ ತಲೆಯಲ್ಲಿ ಎಂಥ ಟ್ಯಾಗು ಹಾಕಿದರೂ ‘ಕುವೆಂಪು’ ಎಂದು ಹುಡುಕಿದವರಿಗೆ ಅವು ಸಿಗುತ್ತಿರಲಿಲ್ಲ.

ಇನ್ನು ಕೆಲವು ಸಲ ಟ್ಯಾಗು ಸರಿಯಾಗಿದ್ದೂ ಪುಟ ಕೆಟ್ಟಿರುತ್ತದೆ. ಒಂದು ಸಂಸ್ಥೆಯ ಸುತ್ತೋಲೆಗಳೆಲ್ಲ ಹೀಗೆ ಇರುವೆ ಸಾಲಾಗಿ ಕಾಣುತ್ತಿದ್ದವು. ಅಲ್ಲಿನ ಹುಡುಗ ಟ್ಯಾಗನ್ನು ಮೂರು ಸಲ ಬರೆದಿದ್ದ, ಮೂರು ಸಲವೂ ಸರಿಯಾಗಿಯೇ. ತಪ್ಪು ಪುಟದ್ದಲ್ಲ, ಪುಟವನ್ನು ಕಳಿಸಿಕೊಡುವ ಸರ್ವರಿನದು. ಅದು ಕಳಿಸುವಾಗಲೇ ‘ಇದು ಪಶ್ಚಿಮ ಯುರೋಪಿನದು’ ಎಂದು ತಾನೂ ಒಂದು ಮಾತು ಸೇರಿಸುತ್ತಿತ್ತು. ಪುಟ ಒಂದು ಹೇಳಿ ಸರ್ವರು ಇನ್ನೊಂದು ಹೇಳಿದರೆ ಬ್ರೌಸರು ನಂಬುವುದು ಸರ್ವರಿನ ಮಾತನ್ನು. ಮನೆಯವರು ಎಷ್ಟು ಬಡಿದುಕೊಂಡರೂ ದಾಖಲೆಯಲ್ಲಿ ಏನಿದೆಯೋ ಅದೇ ಹೆಸರು, ಕಚೇರಿಗಳಲ್ಲಿ ನಡೆಯುವ ಹಾಗೆ.

ಲಿಪಿಯ ಟ್ಯಾಗಿನಲ್ಲಿ ಯಾರೂ ಬೇಕೆಂದು ಸುಳ್ಳು ಹೇಳುವುದಿಲ್ಲ ಅನ್ನುವುದನ್ನು ಗಮನಿಸಿ. ಹೇಳಿದರೆ ತಮ್ಮ ಪುಟವೇ ಓದಲಾಗದೆ ಹೋಗುತ್ತದೆ. ಆದರೆ ಕೀವರ್ಡ್ಸ್ ಅನ್ನುವ ಟ್ಯಾಗಿನ ಕಥೆ ಬೇರೆ.

1995ರ ಡಿಸೆಂಬರಿನಲ್ಲಿ ಆಲ್ಟಾವಿಸ್ಟಾ ಎಂಬ ಹುಡುಕುಯಂತ್ರ ಶುರುವಾಯಿತು. ಅದರ ಕಾಲದ ಯಂತ್ರಗಳಿಗೆ ಪುಟ ಓದಿ ತಾತ್ಪರ್ಯ ತಿಳಿಯುವ ಬುದ್ಧಿ ಅಷ್ಟಕ್ಕಷ್ಟೆ. ಹಾಗಾಗಿ ಪುಟದವರನ್ನೇ ಕೇಳಿದವು: ನಿಮ್ಮ ಪುಟ ಯಾವುದರ ಬಗ್ಗೆ, ಈ ಟ್ಯಾಗಿನಲ್ಲಿ ನಾಲ್ಕು ಪದದಲ್ಲಿ ಹೇಳಿ. ಗ್ರಂಥಾಲಯದ ಕಾರ್ಡಿನ ಮೇಲೆ ವಿಷಯ ಬರೆಯುವ ಹಾಗೆ. ಗ್ರಂಥಾಲಯದಲ್ಲಿ ಕಾರ್ಡು ಬರೆಯುವವರು ಗ್ರಂಥಪಾಲಕರು, ಪುಸ್ತಕ ಮಾರುವವರಲ್ಲ. ಇಲ್ಲಿ ಮಾರುವವರ ಕೈಗೇ ಕಾರ್ಡು ಕೊಟ್ಟಾಯಿತು. ನಾಲ್ಕು ಪದ ನಾನೂರಾಯಿತು. ಟೈರು ಮಾರುವವನ ಪುಟದ ತಲೆಯಲ್ಲಿ ಸಿನಿಮಾ ತಾರೆಯರ ಹೆಸರು. ಒಂದೇ ಪದ ಐವತ್ತು ಸಲ. ಅದು ಸಾಲದೆ ಎದುರಾಳಿ ಅಂಗಡಿಯ ಹೆಸರೂ.

ಜಗಳ ಕೋರ್ಟಿಗೆ ಹೋಯಿತು. ಅಮೆರಿಕದಲ್ಲಿ 1999ರಲ್ಲಿ ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬ್ರೂಕ್‌ಫೀಲ್ಡ್ ಎಂಬ ಕಂಪನಿಗೂ ವೆಸ್ಟ್ ಕೋಸ್ಟ್ ಎಂಬ ವಿಡಿಯೋ ಬಾಡಿಗೆ ಅಂಗಡಿಗಳ ಕಂಪನಿಗೂ ವ್ಯಾಜ್ಯ. ಬ್ರೂಕ್‌ಫೀಲ್ಡಿನ ‘ಮೂವೀಬಫ್’ ಎಂಬ ಹೆಸರನ್ನು ವೆಸ್ಟ್ ಕೋಸ್ಟ್‌ನವರು ತಮ್ಮ ಮೆಟಾ ಟ್ಯಾಗಿನಲ್ಲಿ ಬಳಸಬಹುದೇ? ಕಣ್ಣಿಗೇ ಕಾಣದ ಪದದಿಂದ ಯಾರಿಗೆ ಏನು ಮೋಸ ಎನ್ನಬಹುದು. ನ್ಯಾಯಾಲಯ ಒಂದು ಹೆದ್ದಾರಿಯ ಉದಾಹರಣೆ ಕೊಟ್ಟಿತು. ವೆಸ್ಟ್ ಕೋಸ್ಟ್‌ನ ಅಂಗಡಿ ಎಂಟನೆಯ ತಿರುವಿನಲ್ಲಿದೆ, ಪ್ರತಿಸ್ಪರ್ಧಿ ಬ್ಲಾಕ್‌ಬಸ್ಟರಿನದು ಏಳನೆಯ ತಿರುವಿನಲ್ಲಿ ಅಂದುಕೊಳ್ಳಿ. ‘ವೆಸ್ಟ್ ಕೋಸ್ಟ್ ಏಳನೆಯ ತಿರುವಿನಲ್ಲಿದೆ’ ಎಂದು ಬ್ಲಾಕ್‌ಬಸ್ಟರಿನವರು ಬೋರ್ಡು ನೆಟ್ಟರೆ? ಗಿರಾಕಿ ಏಳಕ್ಕೆ ತಿರುಗಿ, ಹುಡುಕಿ, ಸುಸ್ತಾಗಿ, ‘ಹೋಗಲಿ, ಇದೂ ವಿಡಿಯೋ ಅಂಗಡಿಯೇ ಅಲ್ಲವೇ’ ಎಂದು ಬ್ಲಾಕ್‌ಬಸ್ಟರಿಗೇ ನುಗ್ಗುತ್ತಾನೆ. ಒಳಗೆ ಹೋದಾಗ ಅವನಿಗೆ ಗೊಂದಲವಿಲ್ಲ, ನಿಜ; ಆದರೆ ಅಲ್ಲಿಯ ತನಕ ಎಳೆದುತಂದದ್ದು ಬೇರೆಯವರ ಹೆಸರು. ವೆಸ್ಟ್ ಕೋಸ್ಟ್ ಸೋತಿತು. ಮೆಟಾ ಟ್ಯಾಗಿನ ಮೇಲೆ ಆಮೇಲೆ ಎಷ್ಟೋ ತೀರ್ಪು ಬಂದಿವೆ. ಮದುವೆ ಸಂಬಂಧ ಕುದುರಿಸುವ ಶಾದಿ ಡಾಟ್ ಕಾಮ್‌ನ ಹೆಸರು ಇನ್ನೊಂದು ತಾಣದ ಟ್ಯಾಗಿನಲ್ಲಿ ಸೇರಿಕೊಂಡ ಬಗ್ಗೆ 2014ರಲ್ಲಿ ಬಾಂಬೆ ಹೈಕೋರ್ಟಿನಲ್ಲೂ ವಿಚಾರಣೆ ನಡೆದಿತ್ತು.

ಕೋರ್ಟಿಗಿಂತ ಮಿಗಿಲಾದ ತೀರ್ಪನ್ನು ಹುಡುಕುಯಂತ್ರಗಳೇ ಕೊಟ್ಟವು: ಕೇಳುವುದನ್ನೇ ಬಿಟ್ಟವು. 2009ರ ಸೆಪ್ಟೆಂಬರಿನಲ್ಲಿ ಗೂಗಲ್ ಬಹಿರಂಗವಾಗಿ ಹೇಳಿತು, ಪುಟಗಳಿಗೆ ಸ್ಥಾನ ಕೊಡುವಾಗ ಕೀವರ್ಡ್ಸ್ ಟ್ಯಾಗನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು. ಅಷ್ಟಾಗಿಯೂ ಇವತ್ತಿಗೂ ‘ಒಳ್ಳೆ ಕೀವರ್ಡ್ಸ್ ಹಾಕಿಕೊಡುತ್ತೇವೆ’ ಎಂದು ದುಡ್ಡು ಕೀಳುವವರಿದ್ದಾರೆ.

ಗೂಗಲ್ ಇನ್ನೂ ಓದುವ ಒಂದು ಟ್ಯಾಗು ಡಿಸ್ಕ್ರಿಪ್ಷನ್, ಅಂದರೆ ವಿವರಣೆ. ಸ್ಥಾನಕ್ಕೆ ಅದರಿಂದ ನೆರವಿಲ್ಲ. ಹುಡುಕಿದಾಗ ನೀಲಿ ಹೆಸರಿನ ಕೆಳಗೆ ಎರಡು ಸಾಲು ಬರುತ್ತದಲ್ಲ, ಅಲ್ಲಿ ತೋರಿಸಲು ಬಳಸಬಹುದು. ಬೇಡವೆನಿಸಿದರೆ ಪುಟದಿಂದಲೇ ಬೇರೆ ವಾಕ್ಯ ಕಿತ್ತುಕೊಳ್ಳಬಹುದು. ನನ್ನ ಅಕ್ಕನ ಮಗಳು ಮಲೆನಾಡಿನಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಾಳೆ. ಅವಳ ತಾಣ ಹುಡುಕಿದರೆ ಹೆಸರಿನ ಕೆಳಗೆ ‘ಮುಖಪುಟ, ನಮ್ಮ ಬಗ್ಗೆ, ಸಂಪರ್ಕಿಸಿ, ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದು ಬರುತ್ತಿತ್ತು. ಉಪ್ಪಿನಕಾಯಿಯ ವಾಸನೆಯೂ ಇಲ್ಲ. ಒಂದು ಸಂಜೆ ಕೂತು ಬರೆದೆವು. ಅವಳು ಮೊದಲು ಬರೆದದ್ದು, ‘ವಿಶ್ವದರ್ಜೆಯ ಗುಣಮಟ್ಟದ ಸಾಂಪ್ರದಾಯಿಕ ರುಚಿ’. ನಾನು ಕೇಳಿದೆ, ‘ಇದು ಸೋಪಿಗೂ ನಡೆಯುತ್ತದಲ್ಲೇ?’ ಕೊನೆಗೆ ನಿಂತದ್ದು: ‘ಕಾಡಿನ ಅಪ್ಪೆಮಿಡಿ, ಕಲ್ಲುಪ್ಪು, ಮನೆಯಲ್ಲೇ ಹುರಿದು ಕುಟ್ಟಿದ ಖಾರ. ಅರ್ಧ ಕೆಜಿ, ಒಂದು ಕೆಜಿ ಜಾಡಿಗಳಲ್ಲಿ.’

ಇತ್ತೀಚೆಗೆ ಸುಳ್ಳಿನ ಬಿಡಾರ ವಾಟ್ಸಾಪಿನ ಕಡೆ ಸರಿದಿದೆ. ಫೇಸ್‌ಬುಕ್ 2010ರಲ್ಲಿ ಓಪನ್ ಗ್ರಾಫ್ ಎಂಬ ಮೆಟಾ ಟ್ಯಾಗುಗಳ ಗುಂಪನ್ನು ತಂದಿತು; ವಾಟ್ಸಾಪೂ ಅದನ್ನೇ ಓದುತ್ತದೆ. ನೀವು ಮನೆಮಂದಿಯ ಗ್ರೂಪಿನಲ್ಲಿ ಒಂದು ಕೊಂಡಿ ಅಂಟಿಸಿದ ಕೂಡಲೇ ನಿಮ್ಮ ಫೋನು ಆ ಪುಟದ ತಲೆಗೆ ಹೋಗಿ, ಅಲ್ಲಿ ಬರೆದಿಟ್ಟ ಶೀರ್ಷಿಕೆ, ಚಿತ್ರ ಹೊತ್ತು ತಂದು ಚೌಕಟ್ಟು ಹಾಕಿ ತೋರಿಸುತ್ತದೆ. ಪುಟದೊಳಗಿನ ಶೀರ್ಷಿಕೆಯೂ ಇದೂ ಒಂದೇ ಆಗಿರಬೇಕೆಂದೇನಿಲ್ಲ. ಚೌಕಟ್ಟಿನಲ್ಲಿ ‘ನಟನಿಗೆ ಇದೇನಾಯಿತು’, ಒಳಗೆ ಹೋದರೆ ನೆಗಡಿ. ಗ್ರೂಪಿನ ಅರ್ಧ ಜನ ಒಳಗೆ ಹೋಗುವುದೂ ಇಲ್ಲ, ಚೌಕಟ್ಟು ನೋಡಿಯೇ ಮುಂದಕ್ಕೆ ಕಳಿಸುತ್ತಾರೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ವ್ಯೂಪೋರ್ಟ್ ಅನ್ನುವುದು 2007ರ ಐಫೋನಿನ ಜೊತೆ ಬಂದದ್ದು. ಆ ಫೋನಿನ ಬ್ರೌಸರು ಹಳೆಯ ಪುಟಗಳು ಹಿಡಿಸಲಿ ಎಂದು ತನ್ನ ಅಗಲ 980 ಪಿಕ್ಸೆಲ್ ಎಂದು ನಟಿಸಿ, ಆಮೇಲೆ ಎಲ್ಲ ಕುಗ್ಗಿಸಿ ತೋರಿಸುತ್ತಿತ್ತು. ‘ನಟನೆ ಬೇಡ, ನಿನ್ನ ನಿಜವಾದ ಅಗಲಕ್ಕೆ ಜೋಡಿಸು’ ಅನ್ನುವುದೇ ಈ ಟ್ಯಾಗು. ಅದರಲ್ಲೇ ಕೆಲವರು ‘ಬೆರಳಿನಿಂದ ಹಿಗ್ಗಿಸಲು ಬಿಡಬೇಡ’ ಎಂದೂ ಸೇರಿಸುತ್ತಾರೆ. ಚಾಳೀಸು ದಾಟಿದ ಕಣ್ಣಿನವನಾಗಿ ಕೈಮುಗಿದು ಕೇಳುತ್ತೇನೆ, ಅದೊಂದನ್ನು ಹಾಕಬೇಡಿ. ರೋಬೋಟ್ಸ್ ಎಂಬ ಇನ್ನೊಂದು ಟ್ಯಾಗು, ‘ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ’ ಎಂದು ಯಂತ್ರಕ್ಕೆ ಮಾಡುವ ವಿನಂತಿ. ವಿನಂತಿಯಷ್ಟೇ, ಬೀಗವಲ್ಲ, ಗುಟ್ಟಿನ ಕಾಗದಪತ್ರ ಇದನ್ನು ನಂಬಿ ಇಡಬಾರದು. ಯಂತ್ರವನ್ನು ತಾಣದ ಬಾಗಿಲಲ್ಲೇ ತಡೆದು, ಒಳಗಿನ ಪುಟದಲ್ಲಿ ಈ ಟ್ಯಾಗು ಹಾಕುವವರೂ ಇದ್ದಾರೆ. ಬಾಗಿಲು ಹಾಕಿ ಒಳಗೆ ಚೀಟಿ ಇಟ್ಟರೆ ಓದುವವರು ಯಾರು? ಬೇರೆ ತಾಣಗಳು ಆ ಪುಟಕ್ಕೆ ಕೊಂಡಿ ಕೊಟ್ಟಿದ್ದರೆ, ಓದದ ಪುಟದ ವಿಳಾಸ ಹುಡುಕಾಟದಲ್ಲಿ ಕಾಣಿಸಿಕೊಳ್ಳುವುದೂ ಉಂಟು.

ಅಕ್ಕನ ಮಗಳ ಪುಟದ ತಲೆಯಲ್ಲಿ ಕೀವರ್ಡ್ಸ್ ಟ್ಯಾಗೂ ಒಂದಿತ್ತು, ತಾಣ ಮಾಡಿಕೊಟ್ಟವರು ಹಾಕಿದ್ದು. ಉಪ್ಪಿನಕಾಯಿ, ಮಾವಿನಕಾಯಿ, ಬೆಸ್ಟ್ ಉಪ್ಪಿನಕಾಯಿ, ಉಪ್ಪಿನಕಾಯಿ ನಂಬರ್ ಒನ್, ಹೀಗೆ ಹನ್ನೆರಡು ಸಾಲು. ‘ತೆಗೆದುಬಿಡೇ, ಇದನ್ನು ಯಾರೂ ಓದುವುದಿಲ್ಲ’ ಎಂದೆ. ಅವಳು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು. ‘ಇರಲಿ ಬಿಡು ಮಾವ, ದುಡ್ಡು ಕೊಟ್ಟಿದ್ದೇನೆ’ ಅಂದಳು.