ಎಲ್ವಿಸ್ ಕಲಿತದ್ದು ಯಾರ ದನಿಯಿಂದ?

ಇವತ್ತು ಐದು ಹಾಡುಗಳ ಹೆಸರಿಂದ ಶುರು ಮಾಡೋಣ. 'ಡೋಂಟ್ ಬಿ ಕ್ರೂಯಲ್', 'ಆಲ್ ಶುಕ್ ಅಪ್', 'ರಿಟರ್ನ್ ಟು ಸೆಂಡರ್'. ಈ ಮೂರೂ ಎಲ್ವಿಸ್ ಪ್ರೀಸ್ಲಿ ಹಾಡಿದ್ದು. 'ಗ್ರೇಟ್ ಬಾಲ್ಸ್ ಆಫ್ ಫೈರ್' ಜೆರಿ ಲೀ ಲೂಯಿಸ್ ಹಾಡಿದ್ದು. 'ಫೀವರ್' ಪೆಗಿ ಲೀ ದನಿಯಲ್ಲಿ ಕೇಳಿರ್ತೀರಿ. ಒಬ್ಬರೇ ಬರೆದದ್ದು, ಇಲ್ಲಾ ಇನ್ನೊಬ್ಬರ ಜೊತೆ ಸೇರಿ ಬರೆದದ್ದು, ಅಂತೂ ಐದರಲ್ಲೂ ಇರೋದು ಒಂದೇ ಹೆಸರು: ಓಟಿಸ್ ಬ್ಲ್ಯಾಕ್‌ವೆಲ್.

ಆದ್ರೆ ಓಟಿಸ್ ಬರೀ ಬರಹಗಾರ ಆಗಬೇಕು ಅಂತ ಬಂದವರಲ್ಲ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಬೆಳೆದ ಕಪ್ಪು ಹುಡುಗ, ಹೊಟ್ಟೆಪಾಡಿಗೆ ಬಟ್ಟೆಗೆ ಇಸ್ತ್ರಿ ಹಾಕೋ ಕೆಲಸ, ಆಸೆ ಮಾತ್ರ ಹಾಡೋದರ ಮೇಲೆ. 1953ರಲ್ಲಿ ಜೇ-ಡೀ ಅನ್ನೋ ಸಣ್ಣ ಕಂಪನಿಗೆ ತಾವೇ ಬರೆದ 'ಡ್ಯಾಡಿ ರೋಲಿನ್ ಸ್ಟೋನ್' ಹಾಡಿದ್ರು. ದೊಡ್ಡ ಹಿಟ್ ಆಗ್ಲಿಲ್ಲ. ಆದ್ರೆ 1965ರಲ್ಲಿ ಇಂಗ್ಲೆಂಡಿನ 'ದಿ ಹೂ' ಬ್ಯಾಂಡ್ ಅದೇ ಹಾಡನ್ನ ಹುಡುಕಿ ತಗೊಂಡು ರೆಕಾರ್ಡ್ ಮಾಡ್ತು.

ಹಾಡುಗಾರನಾಗಿ ದುಡ್ಡು ಬರ್ಲಿಲ್ಲ. 1955ರ ಕ್ರಿಸ್‌ಮಸ್ ಹಿಂದಿನ ದಿನ ಆರು ಹಾಡುಗಳನ್ನ ತಲಾ 25 ಡಾಲರ್‌ಗೆ ಮಾರಿದ್ರು. ಅದರಲ್ಲೊಂದು 'ಡೋಂಟ್ ಬಿ ಕ್ರೂಯಲ್'. ಎಲ್ವಿಸ್ ಕಡೆಯವರು ಷರತ್ತು ಹಾಕಿದ್ರು: ಎಲ್ವಿಸ್ ಹಾಡ್ಬೇಕು ಅಂದ್ರೆ ಬರೆದವರ ಪಾಲಲ್ಲಿ ಅರ್ಧ ಬಿಟ್ಟುಕೊಡಿ. ಓಟಿಸ್ ಒಪ್ಪಿದ್ರು. ಇವತ್ತಿಗೂ ಆ ಹಾಡಿನ ಕೆಳಗೆ ಎರಡು ಹೆಸರಿದೆ, ಬ್ಲ್ಯಾಕ್‌ವೆಲ್ ಮತ್ತು ಪ್ರೀಸ್ಲಿ.

ಬಿ.ಕಾಂ. ಓದಿದವನಿಗೆ ಇಲ್ಲಿ ಲೆಕ್ಕ ನೋಡದೆ ಇರೋಕಾಗಲ್ಲ. ಅಮೆರಿಕದಲ್ಲಿ ರೇಡಿಯೊದಲ್ಲಿ ಹಾಡು ಬಂದ್ರೆ ದುಡ್ಡು ಹೋಗೋದು ಬರೆದವರಿಗೆ ಮತ್ತು ಪಬ್ಲಿಷರ್‌ಗೆ. ಹಾಡಿದವರಿಗೆ ಇಲ್ಲ! ಹಾಗಾಗಿ ಸ್ಟಾರ್‌ಗೆ ದನಿ ಸಾಲಲ್ಲ, ಬರೆದವರ ಸಾಲಲ್ಲೂ ಹೆಸರು ಬೇಕು. ಓಟಿಸ್ ಲೆಕ್ಕವೂ ಪೂರ್ತಿ ಪೆದ್ದುತನ ಅಲ್ಲ. ಯಾರೂ ಕೇಳದ ಹಾಡಿನ ಪೂರ್ತಿ ಪಾಲಿಗಿಂತ ಲಕ್ಷಗಟ್ಟಲೆ ಮಾರೋ ಹಾಡಿನ ಅರ್ಧ ಪಾಲು ಮೇಲು. ಲೆಕ್ಕ ಸರಿ ಇದೆ. ನ್ಯಾಯ ಇದೆಯಾ ಅನ್ನೋದು ಬೇರೆ ಪ್ರಶ್ನೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಆಗ ಹಾಡು ಮಾರೋಕೆ ಕಾಗದ ಮಾತ್ರ ಕೊಟ್ಟರೆ ಸಾಕಾಗ್ತಿರಲಿಲ್ಲ, ಡೆಮೊ ಕಳಿಸ್ತಿದ್ರು. ಆ ಡೆಮೊದಲ್ಲಿ ಹಾಡ್ತಿದ್ದವರು ಓಟಿಸ್. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಪದ ಎಳೀಬೇಕು, ಎಲ್ಲಿ ದನಿ ನಡುಗಬೇಕು ಅನ್ನೋದೆಲ್ಲ ಅದರಲ್ಲೇ ಇತ್ತು. ಎಲ್ವಿಸ್ ಅದನ್ನ ಕೇಳಿ, ಬಹಳ ಹತ್ತಿರದಿಂದ ಹಿಂಬಾಲಿಸಿ ಹಾಡಿದ್ರು. ಅಂದ್ರೆ ಓಟಿಸ್ ಅವರ ಅತಿ ದೊಡ್ಡ ಕಛೇರಿಗೆ ಇದ್ದ ಕೇಳುಗ ಒಬ್ಬನೇ, ಆ ಒಬ್ಬ ಕೇಳುಗನಿಂದ ಇಡೀ ಪ್ರಪಂಚ ಕೇಳ್ತು. ತಮಾಷೆ ಏನ್ ಗೊತ್ತಾ? ಈ ಇಬ್ಬರೂ ಮುಖಾಮುಖಿ ಭೇಟಿಯಾಗಲೇ ಇಲ್ಲ.

'ಫೀವರ್' ಕಥೆ ಇನ್ನೂ ವಿಚಿತ್ರ. ಹಳೆ ಕಾಂಟ್ರಾಕ್ಟ್ ಕಾಟದಿಂದ ಅದಕ್ಕೆ ತಮ್ಮ ಹೆಸರನ್ನೇ ಹಾಕೋಕಾಗ್ಲಿಲ್ಲ, ಜಾನ್ ಡೇವನ್‌ಪೋರ್ಟ್ ಅಂತ ಮಲತಂದೆಯ ಹೆಸರು ಹಾಕಿದ್ರು. ಒಂದು ಕಡೆ ದನಿ ಬೇರೆಯವರ ಬಾಯಲ್ಲಿ, ಇನ್ನೊಂದು ಕಡೆ ಹೆಸರೇ ಬೇರೆ.

ಆದ್ರೂ ಅವರು ಹಾಡೋದು ಬಿಡ್ಲಿಲ್ಲ. 1977ರಲ್ಲಿ 'ದೀಸ್ ಆರ್ ಮೈ ಸಾಂಗ್ಸ್' ಅಂತ ಒಂದು ಆಲ್ಬಮ್ ತಂದ್ರು. ಅರ್ಥ ಸರಳ: ಇವು ನನ್ನ ಹಾಡುಗಳು. ಎಲ್ವಿಸ್ ತೀರಿಕೊಂಡದ್ದೂ ಅದೇ ವರ್ಷ. 1991ರಲ್ಲಿ ಪಾರ್ಶ್ವವಾಯು ಹೊಡೀತು. 2002ರಲ್ಲಿ ನ್ಯಾಶ್‌ವಿಲ್‌ನಲ್ಲಿ ಓಟಿಸ್ ತೀರಿಕೊಂಡ್ರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂದದ್ದು 2010ರಲ್ಲಿ, ಕೇಳೋಕೆ ಅವರೇ ಇರ್ಲಿಲ್ಲ.

ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಮೊದಲು ಓಟಿಸ್ ಹಾಡಿದ 'ಡ್ಯಾಡಿ ರೋಲಿನ್ ಸ್ಟೋನ್' ಕೇಳಿ, ಆಮೇಲೆ ಎಲ್ವಿಸ್ ಹಾಡಿದ 'ಡೋಂಟ್ ಬಿ ಕ್ರೂಯಲ್'. ಯಾರು ಯಾರ ಥರ ಹಾಡ್ತಿದ್ದಾರೆ ಅಂತ ನೀವೇ ಕಾಮೆಂಟಲ್ಲಿ ಹೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.