ಮಗುವಿಗೆ ಮೇಲಿನ ತರಗತಿ ಕೇಳುವ ಮುನ್ನ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಮನೆಪಾಠ ಬೇಕೆಂಬುದನ್ನು ನಾವೆಲ್ಲ ಒಪ್ಪಿದ್ದೇವೆ. ಆದರೆ ಮೂರನೇ ತರಗತಿಯಲ್ಲಿದ್ದುಕೊಂಡು ಅಣ್ಣನ ಐದನೇ ತರಗತಿಯ ಲೆಕ್ಕಗಳನ್ನು ತಾನಾಗಿಯೇ ಬಿಡಿಸುವ ಮಗುವಿಗೂ ಏನೋ ಬೇಕಾಗಿದೆ ಎಂಬುದು ನಮಗೆ ಹೊಳೆಯುವುದಿಲ್ಲ. ಅಂಕಗಳು ಬರುತ್ತಿರುವಾಗ ದೂರುವುದೇನನ್ನು? ತಿಳಿದದ್ದನ್ನೇ ವರ್ಷವಿಡೀ ಕೇಳಬೇಕಾದ ಮಗು ಕಿಟಕಿಯಾಚೆ ನೋಡುತ್ತದೆ, ಪಕ್ಕದವರನ್ನು ಕೆಣಕುತ್ತದೆ. ಶಾಲೆ ಅದನ್ನು ತುಂಟತನವೆನ್ನುತ್ತದೆ. ಹೆಣ್ಣು ಮಗುವಾದರೆ ಹೆಚ್ಚಾಗಿ ಕೆಣಕುವುದೂ ಇಲ್ಲ, ಸುಮ್ಮನೆ ಕುಳಿತಿರುತ್ತಾಳೆ. ಎಷ್ಟು ಒಳ್ಳೆಯ ಹುಡುಗಿ ಎಂದು ಎಲ್ಲರೂ ಹೊಗಳುತ್ತಾರೆ. ಮಗನಿಗಾಗಿ ಮುಖ್ಯೋಪಾಧ್ಯಾಯರ ಬಾಗಿಲು ತಟ್ಟುವ ತಂದೆ ಮಗಳಿಗಾಗಿ ತಟ್ಟುವುದು ಅಪರೂಪ ಎಂಬುದನ್ನು ಹೇಳದೆ ಇರಲಾರೆವು.

ವಯಸ್ಸಿಗೊಂದು ತರಗತಿ ಎಂಬುದು ಆಡಳಿತದ ಅನುಕೂಲಕ್ಕಾಗಿ ಆದ ವ್ಯವಸ್ಥೆ. ನಮ್ಮ ಮಸೀದಿಗಳ ಹಳೆಯ ದರ್ಸ್‌ಗಳಲ್ಲಿ ವಿದ್ಯಾರ್ಥಿಯ ಸ್ಥಾನವನ್ನು ಆತ ಓದುತ್ತಿದ್ದ ಕಿತಾಬು ನಿರ್ಣಯಿಸುತ್ತಿತ್ತೇ ಹೊರತು ವಯಸ್ಸಲ್ಲ.

ಗಣಿತಜ್ಞ ಟೆರೆನ್ಸ್ ಟಾವೋ 1975ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹುಟ್ಟಿದರು. ಹೆತ್ತವರು ಹಾಂಗ್‌ಕಾಂಗ್‌ನಿಂದ ವಲಸೆ ಬಂದವರು. ಮೂರೂವರೆ ವರ್ಷದ ಮಗನನ್ನು ಶಾಲೆಗೆ ಸೇರಿಸಿದರು, ಆತ ಹೊಂದಿಕೊಳ್ಳಲಿಲ್ಲ, ಕೆಲವೇ ವಾರಗಳಲ್ಲಿ ಹಿಂದಕ್ಕೆ ಕರೆತಂದರು. ಐದನೇ ವಯಸ್ಸಿನಲ್ಲಿ ಮತ್ತೆ ಸೇರಿಸಿದಾಗ ಗಣಿತಕ್ಕೆ ಮೇಲಿನ ತರಗತಿ, ಉಳಿದವುಗಳಿಗೆ ಕೆಳಗಿನದು ಎಂಬ ಏರ್ಪಾಡಾಯಿತು. ಒಂಬತ್ತರ ಹೊತ್ತಿಗೆ ಪ್ರೌಢಶಾಲೆಯಲ್ಲಿದ್ದುಕೊಂಡೇ ಫ್ಲಿಂಡರ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಯುತ್ತಿದ್ದರು. 2006ರಲ್ಲಿ ಫೀಲ್ಡ್ಸ್ ಪದಕ ಬಂತು. ಪ್ರತಿ ಮನೆಯಲ್ಲೂ ಒಬ್ಬ ಟಾವೋ ಇದ್ದಾನೆಂದು ನಾವು ಹೇಳುತ್ತಿಲ್ಲ. ಆ ಹೆತ್ತವರು ತಮ್ಮ ಆತುರವನ್ನು ಹಿಂತೆಗೆದುಕೊಂಡ ರೀತಿಯನ್ನು ಗಮನಿಸಬೇಕೆಂದು ಹೇಳುತ್ತಿದ್ದೇವೆ.

ದೊಡ್ಡ ಮಕ್ಕಳ ನಡುವೆ ಮಗು ಒಂಟಿಯಾದೀತೆಂಬ ಭಯ ಸಹಜ. ಆದರೆ ಸರಿಯಾಗಿ ಪರೀಕ್ಷಿಸಿ ಮುಂದಕ್ಕೆ ಕಳುಹಿಸಿದ ಮಕ್ಕಳಿಗೆ ಸಾಮಾನ್ಯವಾಗಿ ಅಂತಹ ಹಾನಿಯಾಗಿಲ್ಲ ಎಂದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯವು ದಶಕಗಳ ಅಧ್ಯಯನಗಳನ್ನು ಕ್ರೋಡೀಕರಿಸಿ 2004ರಲ್ಲಿ ವರದಿ ಕೊಟ್ಟಿತು. 'ಸರಿಯಾಗಿ ಪರೀಕ್ಷಿಸಿ' ಎಂಬ ಮಾತನ್ನು ಮರೆಯಬಾರದು. ನೆರೆಮನೆಯವರ ಮಗನಿಗಿಂತ ಮೊದಲು ನಮ್ಮವನು ಹತ್ತನೇ ತರಗತಿ ಮುಗಿಸಲಿ ಎಂಬ ಹಂಬಲ ಪರೀಕ್ಷೆಯಲ್ಲ.

ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಲು ಹೇಳುತ್ತದೆ. ಮುಂದಿರುವ ಮಗುವಿಗೆ ಅಂತಹದೇ ದಾರಿಯನ್ನು ಅದು ತೋರಿಸಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಭಾವಂತ ಮಕ್ಕಳ ಪ್ರಸ್ತಾಪ ಮಾಡಿದೆಯಾದರೂ ನೀತಿಯಿಂದ ತರಗತಿ ಕೋಣೆಗೆ ದೂರ ಬಹಳ. ಆದ್ದರಿಂದ ಡಬಲ್ ಪ್ರಮೋಷನ್ ಕೇಳುವವರು ಮುಖ್ಯೋಪಾಧ್ಯಾಯರ ಬಾಯಿಮಾತನ್ನಷ್ಟೇ ನಂಬದೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಲಿಖಿತ ಅಭಿಪ್ರಾಯ ಪಡೆಯುವುದೊಳಿತು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಆರು ತುಂಬಿ ಶಾಲೆ ಸೇರಿದ ಮಗು ಒಂದು ತರಗತಿ ದಾಟಿದರೆ ಅಡ್ಡಿಯಿಲ್ಲ, ಎರಡು ದಾಟಿದರೆ ಮನೆಯಲ್ಲಿ ಕಾಯಬೇಕಾದೀತು.

ಶಾಲೆಗೆ ಹೋಗುವಾಗ ಹೊಗಳಿಕೆಯನ್ನು ಮನೆಯಲ್ಲಿ ಬಿಟ್ಟು ನೋಟು ಪುಸ್ತಕಗಳನ್ನು ಒಯ್ಯಿರಿ. ಮೇಲಿನ ತರಗತಿಯ ವಾರ್ಷಿಕ ಪ್ರಶ್ನೆಪತ್ರಿಕೆಯನ್ನು ಶಿಕ್ಷಕರೇ ಕೊಟ್ಟು ಬರೆಯಿಸಲಿ. ಗಣಿತದಲ್ಲಿ ಮಾತ್ರವಲ್ಲ, ಕನ್ನಡದಲ್ಲೂ. ಅನೇಕ ಮಕ್ಕಳು ಒಂದೇ ವಿಷಯದಲ್ಲಿ ಮುಂದಿರುತ್ತಾರೆ. ಅಂತಹವರಿಗೆ ತರಗತಿ ದಾಟಿಸುವ ಅಗತ್ಯವೇ ಇಲ್ಲ. ಗಣಿತದ ಪಿರಿಯಡ್‌ನಲ್ಲಿ ಮಾತ್ರ ಮೇಲಿನ ತರಗತಿಯಲ್ಲಿ ಕೂರಲು ಬಿಡಿ ಎಂದು ಕೇಳಿರಿ. ಇದಕ್ಕೆ ದಾಖಲೆ ತಿದ್ದಬೇಕಾಗಿಲ್ಲ, ಎರಡು ತರಗತಿಗಳ ವೇಳಾಪಟ್ಟಿ ಹೊಂದಿದರೆ ಸಾಕು. ಮೂರು ತಿಂಗಳ ಬಳಿಕ ಮತ್ತೆ ಕುಳಿತು ಚರ್ಚಿಸೋಣ ಎಂದು ಮೊದಲೇ ಮಾತಾಗಿರಲಿ. ನಿಮಗೆ ಇಷ್ಟವಿದೆಯೇ ಎಂದು ಮಗುವನ್ನೂ ಕೇಳಿರಿ, ಮತ್ತು ಬೇಡವೆಂದರೆ ಒತ್ತಾಯಿಸದಿರಿ.

ವೇಳಾಪಟ್ಟಿ ಸಿದ್ಧವಾದ ಮೇಲೆ ಜೂನ್‌ನಲ್ಲಿ ಹೋದರೆ ಒಳ್ಳೆಯ ಮುಖ್ಯೋಪಾಧ್ಯಾಯರೂ ಕೈಚೆಲ್ಲುತ್ತಾರೆ. ಮಾರ್ಚ್‌ನಲ್ಲೇ ಅರ್ಜಿ ಕೊಟ್ಟು, ಅದರ ಪ್ರತಿಗೆ ಸಹಿ ಪಡೆದುಕೊಳ್ಳಿರಿ.